ಕವರ್ ಬೇಡ, ಕಾಗದ ಕೊಡಿ

ಓದುಗರ ಪತ್ರ: ಪಾರ್ಶ್ವವಾಯು ಬಡಿದ ಅಮ್ಮ 18 ದಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ವಾರ್ಡಿನ ಸಿಸ್ಟರ್‌ಗಳು ಮನೆಯವರಿಗಿಂತ ಹೆಚ್ಚಾಗಿ ನೋಡಿಕೊಂಡರು. ಮಲಗಿದಲ್ಲೇ ಇದ್ದರೂ ಮೈಮೇಲೆ ಒಂದು ಹುಣ್ಣೂ ಆಗಲಿಲ್ಲ. ಡಿಸ್ಚಾರ್ಜ್ ದಿನ ಕವರಿನಲ್ಲಿ ಒಂದಿಷ್ಟು ದುಡ್ಡಿಟ್ಟು ಕೊಡಲು ಹೋದರೆ ಮುಟ್ಟಲಿಲ್ಲ, ಸ್ವೀಟ್ ಬಾಕ್ಸನ್ನೂ ಒಳಗೆ ಬಿಡಲಿಲ್ಲ. ಮನಸ್ಸಿಗೆ ಪಿಚ್ಚೆನಿಸಿತು. ಹಾಗಾದರೆ ಕೃತಜ್ಞತೆ ಹೇಳುವುದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಪಿಚ್ಚೆನಿಸುವಂಥದ್ದೇನೂ ಆಗಿಲ್ಲ. ಆ ಕವರ್ ತೆಗೆದುಕೊಂಡಿದ್ದರೆ, ಯಾರೋ ಒಬ್ಬರು ದೂರು ಕೊಟ್ಟ ದಿನ ವಿಚಾರಣೆಗೆ ನಿಲ್ಲಬೇಕಾದವರು ಆ ಸಿಸ್ಟರ್. ಅದಕ್ಕಿಂತ ದೊಡ್ಡ ಕಾರಣ ಪಕ್ಕದ ಮಂಚದಲ್ಲಿದೆ. ನೀವು ಖುಷಿಯಿಂದ ಕೊಟ್ಟಿದ್ದನ್ನು ಅಲ್ಲಿಯವರು ನೋಡುತ್ತಾರೆ. ಕೊಡದಿದ್ದರೆ ತಮ್ಮವರನ್ನು ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಎಂಬ ಅಂಜಿಕೆಗೆ ಸಾಲ ಮಾಡಿಯಾದರೂ ಕೊಡುತ್ತಾರೆ. ಹೆರಿಗೆ ವಾರ್ಡುಗಳಲ್ಲಿ ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂಬ ಮಾಮೂಲು ಹುಟ್ಟುವುದು ಹೀಗೆ, ಯಾರೋ 'ಖುಷಿಗೆ' ಕೊಟ್ಟದ್ದರಿಂದಲೇ. ಕೇಳಿ ಪಡೆದರಂತೂ ಅದು ನೇರ ಲಂಚ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಂತೆ, ಒತ್ತಾಯಕ್ಕೆ ಮಣಿದು ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ಶಿಕ್ಷೆಯಿಂದ ಬಚಾವ್.

ಸ್ವೀಟ್ ಬಾಕ್ಸಿನ ವಿಚಾರ ಸಣ್ಣದು. ವಾರ್ಡಿನಲ್ಲಿ ತೆರೆದಿಟ್ಟ ಸಿಹಿ ಸಕ್ಕರೆ ಕಾಯಿಲೆಯವರ ಕೈಗೂ ಹೋಗುತ್ತದೆ, ನುಂಗಲು ಬಾರದವರ ಬಾಯಿಗೂ ಹೋಗುತ್ತದೆ. ಹೂಗುಚ್ಛವೂ ಬೇಡ: ಹೂದಾನಿಯ ನೀರಿನಲ್ಲಿ ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಐಸಿಯುಗಳಲ್ಲಿ ಹೂ ತರಬೇಡಿ ಎನ್ನುವುದು ಇದಕ್ಕೇ.

ಇನ್ನು ಅಸಲು ಮಾತು. ಹುಣ್ಣಾಗಲಿಲ್ಲ ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆ ಸಾಲಿನ ಹಿಂದೆ ಎಷ್ಟು ಕೆಲಸವಿದೆ ನೋಡಿ. ಮಗ್ಗುಲಾಗಲು ಬಾರದ ರೋಗಿಯನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ತಿರುಗಿಸಬೇಕು. ದಿನಕ್ಕೆ 12 ಸಲ, 18 ದಿನಕ್ಕೆ 216 ಸಲ. ಅದರಲ್ಲಿ ಅರ್ಧ ರಾತ್ರಿಯ ಹೊತ್ತು. ಪ್ರತಿ ಸಲವೂ ಇಬ್ಬರು ಬೇಕು. ಮೈಯನ್ನು ಎಳೆಯುವಂತಿಲ್ಲ, ಸೊಂಟದ ಕೆಳಗೆ ಹಾಸಿದ ಅಡ್ಡ ಬಟ್ಟೆ ಹಿಡಿದು ಎತ್ತಿಯೇ ಸರಿಸಬೇಕು. ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡೇ ಇರುತ್ತದೆ, ಒಳಗಿನ ಮೂಳೆ ಜಾರುತ್ತದೆ, ನಡುವಿನ ಸಣ್ಣ ರಕ್ತನಾಳಗಳು ಹರಿಯುತ್ತವೆ. ಸ್ವಾಧೀನ ತಪ್ಪಿದ ಕೈಯನ್ನು ಹಿಡಿದು ಜಗ್ಗಿದರೆ ಭುಜದ ಕೀಲು ಜರುಗುತ್ತದೆ. ಮಂಡಿಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು. ಬೆನ್ನಿನ ಬುಡ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ನೋಡುತ್ತಾರೆ. ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಒಬ್ಬೊಬ್ಬ ಸಿಸ್ಟರ್ ತಲೆಯ ಮೇಲೆ ಎಷ್ಟೋ ಮಂಚಗಳಿರುವ ವಾರ್ಡಿನಲ್ಲಿ ಇದು ತಾನಾಗಿ ಆಗುವ ಕೆಲಸವಲ್ಲ. ಹುಣ್ಣಾಗಿದ್ದರೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಆಗಲಿಲ್ಲವಾದ್ದರಿಂದ ಯಾವ ವರದಿಯಲ್ಲೂ ಅವರ ಹೆಸರಿರುವುದಿಲ್ಲ.

ಆದ್ದರಿಂದ ಬರೆಯಿರಿ. 'ಚೆನ್ನಾಗಿ ನೋಡಿಕೊಂಡರು' ಎಂದಷ್ಟೇ ಬರೆದರೆ ಉಪಯೋಗವಿಲ್ಲ, ಕಂಡದ್ದನ್ನು ಬರೆಯಿರಿ. 'ರಾತ್ರಿ ಪಾಳಿಯ ಸಿಸ್ಟರ್ ಪ್ರತಿ ಸಲವೂ, ಅಜ್ಜಿ, ಈಗ ಗೋಡೆ ಕಡೆ ತಿರುಗಿಸ್ತೀವಿ ಅಂತ ಹೇಳಿಯೇ ಮುಟ್ಟುತ್ತಿದ್ದರು' ಎಂಬಂಥ ಒಂದು ವಾಕ್ಯ ಹತ್ತು ಹೊಗಳಿಕೆಗೆ ಸಮ. ಕಿರಿಯರಿಗೆ ಕಲಿಸುವಾಗ ಮೇಲಿನವರು ಎತ್ತಿ ತೋರಿಸಬಹುದಾದದ್ದೂ ಅಂಥ ವಾಕ್ಯವನ್ನೇ. ಒಂದು ಪುಟ ಸಾಕು. ಮೇಲ್ಗಡೆ ರೋಗಿಯ ಹೆಸರು, ಡಿಸ್ಚಾರ್ಜ್ ಸಮರಿಯಲ್ಲಿರುವ ಐಪಿ (ಒಳರೋಗಿ) ನಂಬರ್, ವಾರ್ಡ್, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ ಇರಲಿ. ಸಿಸ್ಟರ್ ಹೆಸರು ಗೊತ್ತಿಲ್ಲದಿದ್ದರೆ ದಿನಾಂಕ ಮತ್ತು ಪಾಳಿ ಬರೆದರೂ ಆದೀತು, ಡ್ಯೂಟಿ ಪಟ್ಟಿ ನೋಡಿ ಹುಡುಕುತ್ತಾರೆ. ಪತ್ರ ನರ್ಸಿಂಗ್ ಸೂಪರಿಂಟೆಂಡೆಂಟ್ ಹೆಸರಿಗಿರಲಿ. ಅದರ ಒಂದು ನಕಲು ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ (ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾದರೆ ವೈದ್ಯಕೀಯ ಅಧೀಕ್ಷಕರಿಗೆ), ಇನ್ನೊಂದು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್‌ಗೆ. ಟಪಾಲು ವಿಭಾಗದಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಯಾವುದೋ ಮೇಜಿನ ಮೇಲೇ ಉಳಿದೀತು.

ಪತ್ರಗಳು ಕೆಡುವ ಬಗೆಯೂ ಗೊತ್ತಿರಲಿ. 'ಇವರೊಬ್ಬರೇ ನೋಡಿದ್ದು, ಉಳಿದವರು ತಿರುಗಿಯೂ ನೋಡಲಿಲ್ಲ' ಎಂದು ಬರೆದರೆ ನೀವು ಹೊಗಳಿದವರಿಗೇ ವಾರ್ಡಿನಲ್ಲಿ ಬಾಳುವುದು ಕಷ್ಟವಾಗುತ್ತದೆ. ದೂರಿದ್ದರೆ ಬೇರೆ ಹಾಳೆಯಲ್ಲಿ ಬರೆಯಿರಿ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ತುಂಬುವ ಫೀಡ್‌ಬ್ಯಾಕ್ ಫಾರಂ ಅನ್ನು ನೆಚ್ಚಬೇಡಿ, ಅಲ್ಲಿ ಎಲ್ಲರೂ ಎಲ್ಲಕ್ಕೂ 'ಉತ್ತಮ' ಟಿಕ್ ಹಾಕಿ ಬಸ್ಸಿಗೆ ಓಡುತ್ತಾರೆ. ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಶುರುಮಾಡಿದ 'ಮೇರಾ ಅಸ್ಪತಾಲ್' ವ್ಯವಸ್ಥೆಯಿಂದ ಎಸ್ಸೆಮ್ಮೆಸ್ಸೋ ಕರೆಯೋ ಬಂದರೆ ಉತ್ತರಿಸಿ. ಆದರೆ ಅದು ಆಸ್ಪತ್ರೆಗೆ ಕೊಡುವ ಅಂಕ, ಆ ಸಿಸ್ಟರ್‌ಗೆ ಮುಟ್ಟುವ ಮಾತಲ್ಲ. ಫೇಸ್‌ಬುಕ್‌ಗೆ ವಾರ್ಡಿನ ಫೋಟೊ ಹಾಕುವುದಂತೂ ಬೇಡವೇ ಬೇಡ. ಹಿಂದಿನ ಮಂಚದಲ್ಲಿರುವವರು ಒಪ್ಪಿಗೆ ಕೊಟ್ಟಿರುವುದಿಲ್ಲ.

ರೋಗಿಯ ಮನೆಯವರ ಮಾತನ್ನೇ ಬುನಾದಿ ಮಾಡಿಕೊಂಡ ಪ್ರಶಸ್ತಿಯೊಂದಿದೆ. ಅಮೆರಿಕದ ಪ್ಯಾಟ್ರಿಕ್ ಬಾರ್ನ್ಸ್ 1999ರಲ್ಲಿ ರೋಗನಿರೋಧಕ ವ್ಯವಸ್ಥೆಯ ಕಾಯಿಲೆಯೊಂದರಿಂದ 33ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಉಳಿಸಿಕೊಳ್ಳಲಾಗದಿದ್ದರೂ ನರ್ಸ್‌ಗಳು ಮಗನನ್ನು ನೋಡಿಕೊಂಡ ರೀತಿಗಾಗಿ ಮನೆಯವರು 'ಡೈಸಿ' ಪ್ರಶಸ್ತಿ ಹುಟ್ಟುಹಾಕಿದರು. ಇವತ್ತಿಗೂ ರೋಗಿಗಳು, ಮನೆಯವರು ನಡೆದದ್ದನ್ನು ಬರೆದು ನರ್ಸ್‌ಗಳ ಹೆಸರು ಸೂಚಿಸುತ್ತಾರೆ. ನಮ್ಮ ಆಸ್ಪತ್ರೆಗಳೂ ಮೇ 12ರ ದಾದಿಯರ ದಿನದ ಭಾಷಣಗಳನ್ನು ಮೊಟಕುಗೊಳಿಸಿ ಇಂಥ ನಾಲ್ಕು ಪತ್ರ ಓದಿಸಿದರೆ ಎಷ್ಟೋ ವಾಸಿ.

ಪತ್ರದಲ್ಲಿ ಆಯಾ, ವಾರ್ಡ್ ಬಾಯ್ ಹೆಸರು ಬಿಡಬೇಡಿ. ಮಲಮೂತ್ರ ಬಳಿದವರು, ತಿರುಗಿಸುವಾಗ ಇನ್ನೊಂದು ತುದಿ ಹಿಡಿದವರು ಅವರೇ. ಬಹುತೇಕರು ಹೊರಗುತ್ತಿಗೆಯವರು; ಗುತ್ತಿಗೆ ನವೀಕರಿಸುವ ಹೊತ್ತಿಗೆ ಹೆಸರಿರುವ ಒಂದು ಕಾಗದ ಕೈಯಲ್ಲಿದ್ದರೆ ಅವರಿಗೆ ಅಷ್ಟಾದರೂ ಆಸರೆ.

ದುಡ್ಡನ್ನೂ ಕೊಡಲೇಬೇಕು ಅನಿಸಿದರೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕೊಟ್ಟು ರಸೀದಿ ಪಡೆಯಿರಿ. ವಸ್ತು ಕೊಡುವುದಾದರೆ ಮೊದಲು ಇನ್‌ಚಾರ್ಜ್ ಸಿಸ್ಟರನ್ನು ಕೇಳಿ. ಜನ ಗಾಳಿ ಹಾಸಿಗೆ ಕೊಡುತ್ತಾರೆ, ಆರು ತಿಂಗಳಿಗೆ ಪಂಪು ಕೆಡುತ್ತದೆ, ರಿಪೇರಿಗೆ ದಿಕ್ಕಿಲ್ಲದೆ ಸ್ಟೋರ್ ರೂಮು ಸೇರುತ್ತದೆ. ವಾರ್ಡಿಗೆ ಬೇಕಿರುವುದು ಹೆಚ್ಚಾಗಿ ಅಡ್ಡ ಬಟ್ಟೆ, ರೆಕ್ಸಿನ್ ಹೊದಿಸಿದ ದಿಂಬು. ಏನೇ ಕೊಟ್ಟರೂ ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆಸಿ. ಉಳಿದ ಮಾತ್ರೆಗಳನ್ನು ಮಾತ್ರ ಕೊಡಬೇಡಿ.