‘ರನ್’ ಎಂದರೆ ಓಡು. ಹಾಗಾದರೆ ‘ರನ್ಸ್ ಎ ದಾಲ್ ಮಿಲ್’ ಎಂದರೇನು?

ದಾಲ್ ಮಿಲ್ ನಡೆಸುತ್ತಾನೆ ಎಂದರ್ಥ. ‘ರನ್’ ಕ್ರಿಯಾಪದದ ತಿರುಳು ಕಾಲಿನ ಓಟಕ್ಕೆ ಸೀಮಿತವಲ್ಲ, ತಡೆಯಿಲ್ಲದೆ ಸಾಗುವುದೆಲ್ಲ ಅದರೊಳಗೆ ಬರುತ್ತದೆ. ಹುಡುಗ ಓಡುತ್ತಾನೆ, ನಲ್ಲಿಯ ನೀರು ಹರಿಯುತ್ತದೆ, ನೆಗಡಿಯಾದವನ ಮೂಗು ಸೋರುತ್ತದೆ, ಹೊಸ ಕೆಂಪು ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆ, ಹುಮನಾಬಾದಿನ ರಸ್ತೆ ಬೀದರ್‌ವರೆಗೆ ಹೋಗುತ್ತದೆ. ಇಷ್ಟಕ್ಕೂ ಇಂಗ್ಲಿಷಿನಲ್ಲಿ ‘ರನ್’ ಒಂದೇ ಸಾಕು.

ನಾವು ಎಡವುವುದು ಬೇರೆ ಕಡೆ. ಕನ್ನಡದಲ್ಲಿ ತಾನಾಗಿ ಸಾಗುವುದು ‘ನಡೆ’, ಸಾಗುವಂತೆ ಮಾಡುವುದು ‘ನಡೆಸು’. ‘ಇಸು’ ಪ್ರತ್ಯಯ ಕಿವಿಗೆ ಬಿದ್ದೊಡನೆ ವ್ಯತ್ಯಾಸ ತಿಳಿಯುತ್ತದೆ. ಇಂಗ್ಲಿಷಿನ ‘ರನ್’ ಹೀಗೆ ರೂಪ ಬದಲಿಸುವುದಿಲ್ಲ; ಅದರ ಮುಂದೆ ಕರ್ಮಪದ ಇದೆಯೇ ಎಂದು ನಾವೇ ನೋಡಿಕೊಳ್ಳಬೇಕು. ‘ದಿ ಮಿಲ್ ರನ್ಸ್’ ಎಂದರೆ ಮಿಲ್ಲು ನಡೆಯುತ್ತದೆ. ‘ಹಿ ರನ್ಸ್ ದಿ ಮಿಲ್’ ಎಂದರೆ ಅವನು ಮಿಲ್ಲು ನಡೆಸುತ್ತಾನೆ. ತೊಗರಿ ವ್ಯಾಪಾರದ ಮನೆಯಿಂದಲೇ ಬಂದ ಕಲಬುರಗಿಯ ಹುಡುಗನೊಬ್ಬ ಇದನ್ನು ‘ಅವನು ಮಿಲ್ಲಿಗೆ ಓಡುತ್ತಾನೆ’ ಎಂದು ಅನುವಾದಿಸಿದ್ದ. ಓಡುವುದಾಗಿದ್ದರೆ ನಡುವೆ ‘ಟು’ ಇರಬೇಕಿತ್ತು.

‘ರನ್ ಔಟ್ ಆಫ್’ ಇನ್ನೂ ವಿಚಿತ್ರ. ನಮ್ಮಲ್ಲಿ ಜೋಳದ ಹಿಟ್ಟು ಮುಗಿಯುತ್ತದೆ, ಹಿಟ್ಟೇ ಕರ್ತೃ. ಇಂಗ್ಲಿಷಿನಲ್ಲಿ ‘ರನ್ ಔಟ್ ಆಫ್’ ಎಂದಾಗ ಕರ್ತೃ ಹಿಟ್ಟಿಲ್ಲದ ಮನೆಯವರು!

ಚುನಾವಣೆಗೂ ಅಮೆರಿಕದವರು ‘ರನ್’ ಎನ್ನುತ್ತಾರೆ. ಬ್ರಿಟನ್ನಿನವರು ಮಾತ್ರ ನಮ್ಮ ಹಾಗೆ ಚುನಾವಣೆಗೆ ನಿಲ್ಲುತ್ತಾರೆ.