7 ಅಡಿ ಸ್ಪಿನ್ನಿಂಗ್ ರಾಡಿಗೆ 5 ಗೈಡ್ ಸಾಕಾ?

ಅಣ್ಣ, ಮೀನು ಹಿಡಿಯೋ ರಾಡಿಗೆ 7 ಅಡಿ ಬ್ಲಾಂಕು (ಗೈಡ್ ಹಾಕದ ಬರೀ ಕೋಲು), 3000 ಸೈಜ್ ರೀಲು, ಬ್ರೇಡ್ ಲೈನು (ಹೆಣೆದ ದಾರ), 5 ಗೈಡ್ (ಲೈನು ತೂರೋ ರಿಂಗು) ಸಾಕಾ ಅಂತ ಕೇಳಿದೀರ, ಸಾಲಲ್ಲ ಕಣಣ್ಣ. ಅಡಿಗೊಂದು, ಜೊತೆಗೆ ತುದಿ ಗೈಡು, ಈ ಲೆಕ್ಕ ಇಟ್ಕೊಳಿ. ಸ್ಪಿನ್ನಿಂಗ್ ರೀಲಿಂದ ಲೈನು ಸುರುಳಿ ಸುರುಳಿಯಾಗಿ ಬಿಚ್ಕೊಂಡ್ ಬರುತ್ತಲ್ಲ, ಅದನ್ನ ಹಿಡಿದು ನೇರ ಮಾಡೋದೇ ಮೊದಲ್ನೇ ಗೈಡು, ಅದಕ್ಕೇ ಅದು ಅಗಲ, ಎತ್ತರ ಎರಡೂ ಇರ್ಬೇಕು, 25 ಸೈಜಿನ ರಿಂಗ್ ಹಾಕಿ, ಆಮೇಲೆ 16, 10, 8 ಅಂತ ಬೇಗ ಇಳಿಸಿ ಮಿಕ್ಕಿದ್ದೆಲ್ಲ 6. ಮೊದಲ್ನೇದನ್ನ ರೀಲಲ್ಲಿ ಲೈನ್ ಸುತ್ತಿರೋ ಸ್ಪೂಲಿಂದ 20 ಇಂಚಿನ ಆಸುಪಾಸಲ್ಲಿ ಇಟ್ಟು, ಎಸೆದು ನೋಡಿ ಹಿಂದೆ ಮುಂದೆ ಸರಿಸಿ. ತುದಿ ಕಡೆ ಹೋಗ್ತಾ ಅಂತರ ಕಮ್ಮಿ ಆಗ್ತಾ ಬರ್ಲಿ.

ಗೈಡಿಗೆ ದಾರ ಸುತ್ತಿ ಎಪಾಕ್ಸಿ ಅಂಟು ಹಾಕೋಕೆ ಅವಸರ ಬೇಡ. ಸೈಕಲ್ ಅಂಗಡೀಲಿ ವಾಲ್ ಟ್ಯೂಬ್ ಸಿಗುತ್ತಲ್ಲ, ಅದನ್ನ ಸಣ್ಣ ಸಣ್ಣ ಬಳೆ ಥರ ಕಟ್ ಮಾಡಿ ರಾಡಿಗೆ ಹಾಕಿ, ಗೈಡಿನ ಪಾದ ಅದ್ರೊಳಗೆ ತೂರ್ಸಿ, ಲೈನ್ ತುದಿ ಗೇಟಿಗೆ ಕಟ್ಟಿ ರಾಡ್ ಚೆನ್ನಾಗಿ ಬಗ್ಗಿಸಿ. ಲೈನು ಬಾಗಿನ ಜೊತೇಲೇ ಹೋಗ್ಬೇಕು, ಎಲ್ಲಾದ್ರೂ ಎರಡು ಗೈಡ್ ಮಧ್ಯೆ ಬ್ಲಾಂಕಿಂದ ತೀರಾ ದೂರ ನಿಂತ್ರೆ ಅಲ್ಲಿ ಹತ್ರ ಮಾಡಿ.

ಮಂಡ್ಯ ಕಡೆ ಕೆರೆ ಕಳೇಲಿ ಬ್ರೇಡ್ ಹಾಕಿ ಜಗ್ಗೋರು ಬರೀ ಸ್ಟೀಲ್ ರಿಂಗ್ ತಗೋಬೇಡಿ, ಗೀರು ಬಿದ್ದು ಲೈನ್ ತಿನ್ನುತ್ತೆ. ಸಿಲಿಕಾನ್ ಕಾರ್ಬೈಡ್ ರಿಂಗೇ ವಾಸಿ, ರೇಟ್ ಜಾಸ್ತಿ ಆದ್ರೂ.