ಓದುಗರ ಓಲೆ: ಎಕರೆಗೊಂದು ಇಂಚು ನೀರು, ಅದರಲ್ಲೊಂದು ದೋಣಿ

ಹೋದ ಸಂಚಿಕೆಯಲ್ಲಿ ನಾನು ಬರೆದದ್ದು ಇಷ್ಟು: ಮಗಳು, ಅಳಿಯ ಇಂಗ್ಲೆಂಡಿನಲ್ಲಿ ಕಾಲುವೆ ದೋಣಿಯೊಂದರಲ್ಲೇ ಸಂಸಾರ ಹೂಡಿದ್ದಾರೆ. ಬೇಸಿಗೆಯಲ್ಲಿ ಅವರ ಜೊತೆ ರಗ್ಬಿ ಊರಿನ ಹತ್ತಿರದಿಂದ ಹೊರಟು ಆಕ್ಸ್‌ಫರ್ಡ್ ಕಾಲುವೆ ಹಿಡಿದು ಥೇಮ್ಸ್ ನದಿವರೆಗೆ ಹೋದೆವು. ಅಲ್ಲಿಗೆ ಲೇಖನ ನಿಲ್ಲಿಸಿದ್ದೆ. ‘ವಾಪಸು ಬಂದ್ರೋ ಇಲ್ವೋ’ ಅಂತ ಕೇಳಿ ಪತ್ರಗಳು ಬಂದಿವೆ. ನೀರಾವರಿ ಇಲಾಖೆಯ ಸರ್ವೀಸನ್ನೆಲ್ಲ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೇ ಕಳೆದವನನ್ನು ಕಾಲುವೆ ಬಗ್ಗೆ ಕೇಳಿದರೆ ಉತ್ತರ ಉದ್ದವಾಗುತ್ತೆ. ಸಂಪಾದಕರು ಕತ್ತರಿ ಹಿಡಿದುಕೊಂಡೇ ಕೂತಿದ್ದಾರೆ, ನೋಡೋಣ.

ದೋಣಿ ಗುಡ್ಡ ಹತ್ತಿತು ಅಂತ ಬರೆದಿದ್ದೀರಿ. ನೀರು ಇಳಿಯೋದು ಗೊತ್ತು, ಹತ್ತೋದು ಹೆಂಗೆ ಸ್ವಾಮಿ? (ನಿವೃತ್ತ ಮೇಷ್ಟ್ರು, ಶ್ರೀರಂಗಪಟ್ಟಣ)

ನೀರು ಹತ್ತೋದಿಲ್ಲ ಮೇಷ್ಟ್ರೇ, ದೋಣಿ ಹತ್ತುತ್ತೆ. ಕಾಲುವೆಯ ದಾರಿಯಲ್ಲೇ ಕಲ್ಲು ಇಟ್ಟಿಗೆಯ ಒಂದು ಉದ್ದನೆ ತೊಟ್ಟಿ, ಎರಡು ತುದಿಗೂ ಮರದ ಕದ. ಇದಕ್ಕೆ ಲಾಕ್ ಅಂತಾರೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಕದ ಮುಚ್ಚಿ, ಮೇಲಿನ ಕದದ ತೂಬು ಎತ್ತಿದರೆ ಮೇಲಿನ ನೀರು ತೊಟ್ಟಿ ತುಂಬುತ್ತೆ, ದೋಣಿಯೂ ನೀರಿನ ಜೊತೆ ಏಳುತ್ತೆ. ತೂಬು ಎತ್ತೋಕೆ ವಿಂಡ್ಲಾಸ್ ಅನ್ನೋ ಕಬ್ಬಿಣದ ಹಿಡಿ, ಅದನ್ನು ಪ್ರತಿ ದೋಣಿಯವರೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡೋದು. ಎರಡೂ ಕಡೆ ನೀರು ಸಮ ಆಗುವ ತನಕ ಕದ ಜಪ್ಪಯ್ಯ ಅಂದರೂ ಅಲುಗಾಡಲ್ಲ. ಸಮ ಆದ ಮೇಲೆ ಒಬ್ಬ ಹೆಂಗಸು ಬೆನ್ನು ಕೊಟ್ಟು ನೂಕಿದರೂ ಸಾಕು. ಕರೆಂಟು ಬೇಡ, ಮೋಟಾರು ಬೇಡ. ಇನ್ನೂರು ವರ್ಷದ ಹಿಂದೆ ಹೇಗಿತ್ತೋ ಈಗಲೂ ಹಾಗೇ.

ನಿಮ್ಮ ಊರಿನಲ್ಲೇ ಬಂಗಾರದೊಡ್ಡಿ ನಾಲೆ ಕಾವೇರಿಯ ಮೇಲೆ ಮೇಲ್ಗಾಲುವೆ ಹಿಡಿದು ದಾಟುತ್ತಲ್ಲ, ಅಂಥದ್ದು ಅಲ್ಲೂ ಇದೆ. ವೇಲ್ಸ್‌ನಲ್ಲಿ ಪಾಂಟ್‌ಕಸಲ್ತೆ ಅಂತ, 1805ರದ್ದು, ನದಿಯಿಂದ 38 ಮೀಟರ್ ಎತ್ತರ. ನಮ್ಮಲ್ಲಿ ನೀರು ಮಾತ್ರ ದಾಟುತ್ತೆ, ಅಲ್ಲಿ ನೀರಿನ ಜೊತೆ ದೋಣಿಯೂ ದಾಟುತ್ತೆ. ನಾನು ಈ ಸಲ ಅದರ ಮೇಲೆ ಹೋಗಲಿಲ್ಲ, ನಮ್ಮ ದಾರಿಯಲ್ಲಿ ಅದು ಬರಲ್ಲ.

ಮನೆಗೆ ವಾಪಸು ಬರುವ ಕೊನೆಯ ದಿನಗಳು ಹೇಗಿದ್ದವು? ಧರ್ಮಸ್ಥಳದಿಂದ ಬರುವಾಗ ಬೆಳ್ಳೂರು ಕ್ರಾಸ್ ದಾಟಿದರೆ ಸಾಕು, ನನಗೆ ಬಸ್ಸು ಮುಂದಕ್ಕೇ ಹೋಗ್ತಿಲ್ಲ ಅನ್ನಿಸುತ್ತೆ. ಗಂಟೆಗೆ ನಾಲ್ಕು ಮೈಲಿಯ ದೋಣಿಯಲ್ಲಿ ಹೇಗೆ ತಡಕೊಂಡ್ರಿ? (ಗೃಹಿಣಿ, ಮದ್ದೂರು)

ತಾಯಿ, ನಾಲ್ಕು ಮೈಲಿ ಅನ್ನೋದು ಕಾನೂನಿನ ಮಿತಿ. ನಿಜವಾಗಿ ಹೋಗೋದು ಮೂರೇ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಹಾಯುವಾಗ ಅದೂ ಇಲ್ಲ. ಜೋರಾಗಿ ಹೋದರೆ ನಮ್ಮ ಸೆಳೆತಕ್ಕೆ ಅವರ ಗೂಟ ಕಿತ್ತು ಬರುತ್ತೆ, ಒಳಗಿನವರ ಕಾಫಿ ಚೆಲ್ಲುತ್ತೆ, ಆಮೇಲೆ ಕಿಟಕಿಯಿಂದ ಮಂತ್ರಾರ್ಚನೆ. ಊರು ತಲುಪೋದು ಯಾವಾಗ ಅಂತ ಲೆಕ್ಕ ಹಾಕೋಕೆ ಅಲ್ಲಿಯವರದ್ದೊಂದು ಸೂತ್ರ ಇದೆ: ಒಂದು ಲಾಕ್ ಅಂದರೆ ಒಂದು ಮೈಲಿ ಅಂದುಕೊಳ್ಳಿ. ಮೈಲಿಯನ್ನೂ ಲಾಕನ್ನೂ ಕೂಡಿ ಮೂರರಿಂದ ಭಾಗಿಸಿದರೆ ಎಷ್ಟು ಗಂಟೆ ಅಂತ ಸಿಗುತ್ತೆ. ಅಳಿಯ ಕೊನೆಯ ದಿನಗಳಲ್ಲಿ ಈ ಲೆಕ್ಕವನ್ನು ದಿನಕ್ಕೆ ಹತ್ತು ಸಲ ಹಾಕುತ್ತಿದ್ದ. ಅವನಿಗೆ ಸೋಮವಾರ ಆಫೀಸು. ಮಗಳು ‘ಇನ್ನೊಂದು ರಾತ್ರಿ ಇಲ್ಲೇ ಕಟ್ಟೋಣ’ ಅನ್ನುವವಳು. ನಾನು ಯಾವ ಪಕ್ಷಕ್ಕೂ ಸೇರಲಿಲ್ಲ, ಬೀಗರ ಮಗನ ಎದುರು ಮಾತಾಡಬಾರದು.

ಕ್ಲೇಡನ್ ಅನ್ನೋ ಕಡೆ ಐದು ಲಾಕ್ ಹತ್ತಿದರೆ ಕಾಲುವೆಯ ನೆತ್ತಿ ಸಿಗುತ್ತೆ. ಅಲ್ಲಿಂದ 11 ಮೈಲಿ ಒಂದೂ ಲಾಕ್ ಇಲ್ಲ, ಒಂದೇ ಮಟ್ಟ. ‘ಇನ್ನೇನು, ಓಡಿಸಿಬಿಡೋಣ’ ಅಂತ ಅಳಿಯ ಖುಷಿಪಟ್ಟ. ಆದರೆ ಈ 11 ಮೈಲಿ ಇದೆಯಲ್ಲ, ಕಾಗೆ ಹಾರಿದ ದಾರಿಯಲ್ಲಿ ಅದರ ಅರ್ಧವೂ ಇಲ್ಲ. 1790ರಲ್ಲಿ ಪೂರ್ತಿಯಾದ ಕಾಲುವೆ. ಮೊದಲು ಶುರು ಮಾಡಿದವನು ಜೇಮ್ಸ್ ಬ್ರಿಂಡ್ಲಿ ಅನ್ನೋ ಇಂಜಿನಿಯರು. ಮಣ್ಣು ಕಡಿಯೋದೂ ಬೇಡ, ಏರಿ ಹಾಕೋದೂ ಬೇಡ ಅಂತ ಆತ ಒಂದೇ ಮಟ್ಟದ ಗೆರೆ ಹಿಡಿದು ಗುಡ್ಡಗಳ ಸೊಂಟ ಬಳಸಿಕೊಂಡು ಹೋಗಿಬಿಟ್ಟ. ನಮ್ಮ ವಿ.ಸಿ. ನಾಲೆ ಊರೂರು ಬಳಸಿಕೊಂಡು ಹೋಗೋದೂ ಈ ಮಟ್ಟದ ಲೆಕ್ಕಕ್ಕೇ, ಹಾಗಾಗಿ ನನಗೆ ಆಶ್ಚರ್ಯ ಆಗಲಿಲ್ಲ. ವರ್ಮ್‌ಲೈಟನ್ ಅನ್ನೋ ಹಳ್ಳಿಯ ಹತ್ತಿರ ಒಂದೇ ತೋಟದ ಮನೆಯನ್ನು ಮೊದಲು ಎದುರಿಂದ, ಆಮೇಲೆ ಪಕ್ಕದಿಂದ, ಆಮೇಲೆ ಹಿತ್ತಿಲಿಂದ ನೋಡಿದೆವು. ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಎರಡನೇ ಸಲ ಕೈ ಬೀಸಿದರು. ದೂರದಲ್ಲಿ ನ್ಯಾಪ್ಟನ್ ಗುಡ್ಡದ ಗಾಳಿಯಂತ್ರ ಕಾಣಿಸುತ್ತೆ, ಮನೆ ದಿಕ್ಕು ಅದೇ. ಅದು ಬಲಕ್ಕೆ ಬಂತು, ಎಡಕ್ಕೆ ಹೋಯ್ತು, ಸ್ವಲ್ಪ ಹೊತ್ತು ಬೆನ್ನಿಗೇ ಬಂತು. ಅಳಿಯ ಲೆಕ್ಕ ಹಾಕೋದು ಬಿಟ್ಟ.

ಹಾಗೂ ಹೀಗೂ ನೆತ್ತಿಯ ಆ ತುದಿಗೆ ಬಂದರೆ ಲಾಕಿನ ಕದಕ್ಕೆ ಸರಪಳಿ, ಸರಪಳಿಗೆ ಬೀಗ! ಮಳೆ ಕಮ್ಮಿಯಾದ ಬೇಸಿಗೆಯಲ್ಲಿ ಈ ಇಳಿಜಾರಿನ ಲಾಕ್‌ಗಳನ್ನು ದಿನಕ್ಕೆ ಕೆಲವೇ ಗಂಟೆ ತೆಗೆಯುತ್ತಾರೆ. ಆ ಹೊತ್ತು ಮೀರಿತ್ತು. ಅಳಿಯನ ಮುಖ ನೋಡೋಹಾಗಿರಲಿಲ್ಲ. ನನಗೆ ಮಾತ್ರ ಒಳಗೊಳಗೇ ಸಂತೋಷ, ಯಾಕೆ ಅಂತ ಹೇಳ್ತೀನಿ.

ರಾತ್ರಿ ಒಂದು ಹಾಳೆ ತಗೊಂಡು ಕೂತೆ. ಅಲ್ಲಿಯ ಲಾಕ್ ಉದ್ದ ಸುಮಾರು 22 ಮೀಟರ್, ಅಗಲ ಎರಡು ಮೀಟರಿನ ಮೇಲೆ ಒಂದು ಗೇಣು. ದೋಣಿಗಳೂ ಅಷ್ಟಕ್ಕೇ ಅಳತೆ ಮಾಡಿದವು, ಏಳು ಅಡಿಗೆ ಎರಡಿಂಚು ಕಮ್ಮಿ ಅಗಲ. ನೀರು ಇಳಿಯೋದು ಎರಡು ಮೀಟರ್ ಅಂತ ಹಿಡಿದರೆ ಒಂದು ಲಾಕ್ ನೀರು ಅಂದರೆ ಹೆಚ್ಚುಕಮ್ಮಿ ಒಂದು ಲಕ್ಷ ಲೀಟರ್. ಲಕ್ಷ ಲೀಟರ್ ಅಂದರೆ ನಿಮಗೆ ತಲೆಗೆ ಹೋಗಲ್ಲ, ನನಗೂ ಹೋಗಲ್ಲ. ಇಲಾಖೆಯ ಲೆಕ್ಕದಲ್ಲಿ ಹೇಳ್ತೀನಿ ಕೇಳಿ: ಒಂದು ಕ್ಯುಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ನೀರು ಒಂದು ಗಂಟೆ ಹರಿದರೆ ಒಂದು ಎಕರೆ ಗದ್ದೆಯಲ್ಲಿ ಒಂದಿಂಚು ನಿಲ್ಲುತ್ತೆ. ಅದೂ ಲಕ್ಷ ಲೀಟರೇ! ಅಂದರೆ ಒಂದು ದೋಣಿ ನೆತ್ತಿಯಿಂದ ಕೆಳಗಿಳಿದರೆ ಒಂದು ಎಕರೆಗೆ ಒಂದಿಂಚು ನೀರು ಅದರ ಜೊತೆ ಕೆಳಗೆ ಹೋಯ್ತು. ಆ ಕಡೆ ಕ್ಲೇಡನ್‌ನಲ್ಲಿ ಹತ್ತುವಾಗಲೂ ಮೇಲಿನಿಂದಲೇ ಒಂದು ಲಾಕ್ ನೀರು ಇಳಿಸಿಯೇ ಹತ್ತಿದ್ದೆವು. ನೆತ್ತಿ ದಾಟೋಕೆ ಒಟ್ಟು ಎರಡು. ನೆತ್ತಿಗೆ ನೀರು ಕೊಡೋದು ಬಾಡಿಂಗ್ಟನ್, ಕ್ಲಾಟರ್‌ಕೋಟ್ ಅನ್ನೋ ಸಣ್ಣಸಣ್ಣ ಕೆರೆಗಳು, ನಮ್ಮ ಕನ್ನಂಬಾಡಿಯ ಥರದ್ದಲ್ಲ. ಬೀಗ ಹಾಕದೆ ಇನ್ನೇನು ಮಾಡಿಯಾರು? ನಮ್ಮಲ್ಲಿ ಕಟ್ಟೆ ತುಂಬದ ವರ್ಷ ‘ಕಟ್ಟು ನೀರು’ ಅಂತ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ ಕೊಡೋದಿಲ್ಲವೇ, ನಾನೇ ಎಷ್ಟು ಸಲ ತೂಬಿಗೆ ಬೀಗ ಹಾಕಿಸಿ ಬೈಸಿಕೊಂಡಿಲ್ಲ! ಪರದೇಶದಲ್ಲಿ ಇನ್ನೊಬ್ಬರು ಹಾಕಿದ ಬೀಗಕ್ಕೆ ನಾನು ಈಚೆ ಕಡೆ ನಿಂತಿದ್ದು ಅದೇ ಮೊದಲು.

ಬೆಳಿಗ್ಗೆ ಬೀಗ ತೆಗೆಯೋಕೆ ಬಂದವರು ನನ್ನ ವಯಸ್ಸಿನವರೇ ಇಬ್ಬರು, ಸಂಬಳ ಇಲ್ಲದ ಸ್ವಯಂಸೇವಕರು. 2012ರಿಂದ ಇಂಗ್ಲೆಂಡ್, ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗ ನೋಡಿಕೊಳ್ಳೋದು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನೋ ಧರ್ಮಸಂಸ್ಥೆ, ಅದರ ಕೈಯಾಳುಗಳಲ್ಲಿ ಇಂಥವರು ಬಹಳ. ನಾನು ನಾಲೆ ಇಲಾಖೆಯವನು ಅಂತ ಮಗಳು ಹೇಳಿದ್ದೇ ತಡ, ನನ್ನ ಕೈಗೂ ಒಂದು ವಿಂಡ್ಲಾಸ್ ಕೊಟ್ಟರು. ನಮ್ಮ ದೋಣಿ ಮುಂದಿತ್ತು, ಆದರೆ ಲಾಕ್ ಖಾಲಿ ಇತ್ತು, ಕೆಳಗಿನಿಂದ ಒಂದು ದೋಣಿ ಬರುತ್ತಿತ್ತು. ‘ಅವರು ಬರಲಿ’ ಅಂದರು. ನಾವು ಮೊದಲು ಹೋಗಬೇಕಾದರೆ ಖಾಲಿ ಲಾಕನ್ನು ನೆತ್ತಿಯ ನೀರಿನಿಂದ ತುಂಬಬೇಕು. ಅವರನ್ನು ಹತ್ತಿಸೋಕೆ ಹೇಗೂ ತುಂಬಲೇಬೇಕು, ಅದೇ ನೀರಲ್ಲಿ ನಾವು ಇಳಿಯಬಹುದು. ಒಂದೇ ನೀರಲ್ಲಿ ಎರಡು ದೋಣಿಯ ಕೆಲಸ. ಸರದಿ ಅನ್ನೋದು ಅಲ್ಲಿ ಮೊದಲು ಬಂದವರದ್ದಲ್ಲ, ನೀರಿನದ್ದು. ಇದನ್ನು ನಮ್ಮ ಕೊನೆ ಭಾಗದ ರೈತರಿಗೆ ಹೇಳಿದರೆ ಒಪ್ಪುತ್ತಾರೆ, ಮೇಲ್ಭಾಗದವರಿಗೆ ಹೇಳೋ ಧೈರ್ಯ ನನಗಿಲ್ಲ.

ನ್ಯಾಪ್ಟನ್‌ನಲ್ಲಿ ಇಳಿಯೋದು ಒಂಬತ್ತು ಲಾಕ್. ಹತ್ತೋದಕ್ಕಿಂತ ಇಳಿಯೋದರಲ್ಲೇ ಅಪಾಯ. ಮೇಲಿನ ಕದದ ಬುಡದಲ್ಲಿ ಒಂದು ಕಲ್ಲಿನ ಮೆಟ್ಟಿಲು ಇರುತ್ತೆ, ತೊಟ್ಟಿ ತುಂಬಿರುವಾಗ ಕಾಣಲ್ಲ. ನೀರು ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮೂತಿ ಕೆಳಗಾಗಿ ದೋಣಿ ಮುಳುಗಿಹೋಗುತ್ತೆ. ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ, ಅದಕ್ಕಿಂತ ಮುಂದೆ ದೋಣಿ ನಿಲ್ಲಬೇಕು. ಮನೆ ಹತ್ತಿರ ಬಂತು ಅನ್ನೋ ಅವಸರದಲ್ಲಿ, ಫೋನಿನಲ್ಲಿ ಮಾತಾಡಿಕೊಂಡು ಮರೆಯೋದು ಇದನ್ನೇ. ಮಗಳು ಚುಕ್ಕಾಣಿ ಹಿಡಿದು ನಿಂತಾಗ ಫೋನು ಒಳಗೆ ಇಡಬೇಕು ಅಂತ ನಾನು ಅಪ್ಪನ ಅಧಿಕಾರ ಚಲಾಯಿಸಿದೆ. ಇಡೀ ಪ್ರಯಾಣದಲ್ಲಿ ಅದೊಂದೇ ಸಲ.

ಬ್ರಾನ್‌ಸ್ಟನ್ ಅನ್ನೋ ಊರಿನ ಚರ್ಚಿನ ಗೋಪುರ ಕಂಡ ಮೇಲೆ ಜೋಡಿ ಕಬ್ಬಿಣದ ಸೇತುವೆ ಇರುವ ಒಂದು ಕೂಡುಗಾಲುವೆ. ಅಲ್ಲಿ ಎಡಕ್ಕೆ ತಿರುಗಿದರೆ ಅದೇ ಆಕ್ಸ್‌ಫರ್ಡ್ ಕಾಲುವೆಯ ಉತ್ತರ ಭಾಗ. ವಿಚಿತ್ರ ಅಂದರೆ ಇಲ್ಲಿಂದ ಕಾಲುವೆ ನೆಟ್ಟಗಾಗುತ್ತೆ! ಮೊದಲು ಇದೂ ಹಾವಿನ ಹಾಗೇ ಇತ್ತು. 1830ರ ಆಸುಪಾಸು, ಬೇರೆಯವರು ನೇರ ದಾರಿ ಮಾಡಿ ವ್ಯಾಪಾರ ಕಸಿದುಕೊಂಡಾರು ಅನ್ನೋ ಭಯಕ್ಕೆ ಕಾಲುವೆ ಕಂಪನಿಯವರು ದಿಬ್ಬ ಕಡಿದು, ಏರಿ ಹಾಕಿ, ಸುಮಾರು 14 ಮೈಲಿ ಬಳಸುದಾರಿ ಕಿತ್ತುಹಾಕಿದರು. ಹಳೆಯ ತಿರುವುಗಳ ಬಾಯಿಗೆ ಹಾಕಿದ ಕಬ್ಬಿಣದ ಸೇತುವೆಗಳು ಈಗಲೂ ಅಲ್ಲಲ್ಲಿ ಇವೆ. ಅಳಿಯನ ಮುಖ ಅರಳಿತು. ಹಿಲ್‌ಮಾರ್ಟನ್‌ನಲ್ಲಿ ಮೂರು ಜೊತೆ ಅವಳಿ ಲಾಕ್, ಒಂದರಲ್ಲಿ ಹತ್ತುವವರು, ಪಕ್ಕದ್ದರಲ್ಲಿ ಇಳಿಯುವವರು, ಕಾಯೋ ಮಾತೇ ಇಲ್ಲ. ಕೊನೆಯ ಮಧ್ಯಾಹ್ನ ಎಷ್ಟು ಬೇಗ ಮುಗಿಯಿತು ಅಂದರೆ, ‘ನಿಧಾನಕ್ಕೆ ಹೋಗೋ’ ಅಂತ ಗಂಡನಿಗೆ ಮಗಳೇ ಹೇಳಬೇಕಾಯಿತು.

ಅಷ್ಟು ದಿನ ಊಟಕ್ಕೆ ಏನು ಮಾಡಿದಿರಿ? ಬ್ರೆಡ್ಡಾ? (ಕೆ.ಆರ್. ಪೇಟೆ)

ಬ್ರೆಡ್ಡು ತಿಂದುಕೊಂಡು ಬದುಕೋ ಜಾತಿ ಅಲ್ಲ ನಮ್ಮದು. ದೋಣಿಯಲ್ಲಿ ಗ್ಯಾಸ್ ಒಲೆ ಇದೆ, ಊರಿಂದ ರಾಗಿ ಹಿಟ್ಟು, ಹುರುಳಿಕಾಳು ಒಯ್ದಿದ್ದೆ. ಮುದ್ದೆ ತಿರುವುವಾಗ ಮಾತ್ರ ದೋಣಿ ಕಟ್ಟಿರಬೇಕು, ಚಲಿಸುವಾಗ ಪಾತ್ರೆ ಒತ್ತಿ ಹಿಡಿಯೋಕೆ ಕಾಲಿಗೆ ಜಾಗ ಇಲ್ಲ. ಬೀಗ ಹಾಕಿದ ಆ ರಾತ್ರಿಗೆ ಹಿಟ್ಟು ಖಾಲಿ. ಅಲ್ಲಿಂದಾಚೆಗೆ ಅನ್ನ, ಉಪ್ಪುಸಾರು.

ಹೇಳೋಕೆ ಸಂಕೋಚ, ಆದರೂ ಕೇಳ್ತೀನಿ. ದೋಣಿಯಲ್ಲಿ ಕಕ್ಕಸು? (ಹೆಸರು ಬೇಡ, ಮಳವಳ್ಳಿ)

ಸಂಕೋಚ ಯಾಕೆ, ಅಲ್ಲಿ ದೋಣಿಯವರು ಇಬ್ಬರು ಸೇರಿದರೆ ಮಾತಾಡೋದೇ ಅದನ್ನು. ಪೆಟ್ಟಿಗೆ ಥರದ ಡಬ್ಬಿ, ತುಂಬಿದಾಗ ದಾರಿಯಲ್ಲಿ ಗೊತ್ತುಮಾಡಿದ ಕಡೆ ಒಯ್ದು ಖಾಲಿ ಮಾಡಿ ತೊಳೆಯಬೇಕು. ಕುಡಿಯುವ ನೀರಿನ ನಲ್ಲಿಯೂ ಹಾಗೇ ಅಲ್ಲಲ್ಲಿ. ಡಬ್ಬಿ ಕೆಲಸ ಅಳಿಯನದು.

ಸರ್, ವಿ.ಸಿ. ನಾಲೆಯಲ್ಲೂ ಇಂಥ ದೋಣಿ ಬಿಟ್ಟರೆ ಕೆ.ಆರ್.ಎಸ್.ನಿಂದ ಮಂಡ್ಯಕ್ಕೆ ಪ್ರವಾಸೋದ್ಯಮ ಬೆಳೆಯಲ್ಲವೇ? (ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ)

ಇಲ್ಲಪ್ಪಾ. ನಮ್ಮ ನಾಲೆ ಇಳಿಜಾರಿನ ಮೇಲೆ ಹರಿಯೋಕೆ ತೋಡಿದ್ದು. ಅವರ ಕಾಲುವೆ ಲಾಕಿನಿಂದ ಲಾಕಿಗೆ ಮಟ್ಟಸವಾಗಿ ನಿಲ್ಲೋಕೆ ತೋಡಿದ್ದು. ನಾವು ನೀರು ಹಂಚಿ ಮುಗಿಸುತ್ತೀವಿ, ಅವರು ಹಿಡಿದಿಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ದೋಣಿ ಹೋಗುವಾಗ ಜಾರುತ್ತೆ, ವಾಪಸು ಬರುವಾಗ ಪ್ರವಾಹದ ಎದುರು ಈಜಬೇಕು. ಮಧ್ಯೆ ನೀರು ಧುಮುಕುವ ಡ್ರಾಪ್‌ಗಳು, ತಗ್ಗಿನ ಸೇತುವೆಗಳು, ಹುಲಿಕೆರೆ ಸುರಂಗ. ಕಟ್ಟು ನೀರಿನ ಕಾಲದಲ್ಲಿ ನೀರು ನಿಲ್ಲಿಸಿದರೆ ನಿನ್ನ ದೋಣಿ ಕೆಸರಲ್ಲಿ ಕೂರುತ್ತೆ. 2018ರಲ್ಲಿ ಕನಗನಮರಡಿ ಹತ್ತಿರ ಬಸ್ಸು ಬಿದ್ದು ಅಷ್ಟು ಜನ ಸತ್ತ ನಾಲೆ ಅದು. ಅದರ ಏರಿಗೆ ಮೊದಲು ಸರಿಯಾದ ತಡೆಗೋಡೆ ಆಗಲಿ, ಆಮೇಲೆ ಪ್ರವಾಸೋದ್ಯಮ.

ನೀರಾವರಿಗೂ ದೋಣಿಗೂ ಒಂದೇ ಕಾಲುವೆ ಅನ್ನೋ ಪ್ರಯತ್ನ ನಮ್ಮ ಪಕ್ಕದಲ್ಲೇ ಆಗಿದೆ. ತುಂಗಭದ್ರೆಯಿಂದ ಹೊರಡುವ ಕರ್ನೂಲು–ಕಡಪ ಕಾಲುವೆಯನ್ನು 1860ರ ದಶಕದಲ್ಲಿ ಒಂದು ಖಾಸಗಿ ಕಂಪನಿ ದೋಣಿ ಓಡಿಸುವ ಆಸೆಯನ್ನೂ ಇಟ್ಟುಕೊಂಡೇ ತೋಡಿತು. ಲಾಭ ಬರಲಿಲ್ಲ, 1882ರಲ್ಲಿ ಸರ್ಕಾರ ಕೊಂಡುಕೊಂಡಿತು. ಈಗ ಅದು ಗದ್ದೆಯ ನೀರಿನ ಕಾಲುವೆ. ನಿನ್ನ ಪ್ರಾಜೆಕ್ಟಿಗೆ ಅದನ್ನು ತಗೋ, ಓದೋಕೆ ಬಹಳ ಇದೆ.

ನನಗೆ ಅರವತ್ತೈದು, ಮಂಡಿ ನೋವು. ಇಂಥ ದೋಣಿ ಬಾಡಿಗೆಗೆ ಸಿಗುತ್ತಾ, ನಾವೂ ಹೋಗಬಹುದಾ? (ಕುವೆಂಪುನಗರ, ಮೈಸೂರು)

ಸಿಗುತ್ತೆ. ದೋಣಿ ಓಡಿಸೋಕೆ ಲೈಸೆನ್ಸು ಬೇಡ, ಬಾಡಿಗೆಯವರೇ ಹೊರಡುವ ಮುಂಚೆ ಕಲಿಸಿಕೊಡುತ್ತಾರೆ. ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ನೂಕಿದರೆ ಮೂತಿ ಎಡಕ್ಕೆ ಹೋಗುತ್ತೆ, ಎದುರು ದೋಣಿ ಬಂದರೆ ಬಲಕ್ಕೆ ಸರಿಯಬೇಕು. ಇವೆರಡು ತಲೆಗೆ ಹೋದರೆ ಅರ್ಧ ಕೆಲಸ ಆಯ್ತು. ಮಂಡಿ ನೋವಿದ್ದರೆ ಚುಕ್ಕಾಣಿ ನೀವೇ ಹಿಡಿಯಿರಿ, ಲಾಕಿನ ಕೆಲಸ ಮಕ್ಕಳಿಗೆ ಬಿಡಿ. ದೋಣಿಯಿಂದ ದಡಕ್ಕೆ ಹಾರಬೇಡಿ, ಪೂರ್ತಿ ತಾಗಿ ನಿಂತ ಮೇಲೆ ಇಳಿಯಿರಿ. ನವೆಂಬರಿಂದ ಮಾರ್ಚ್‌ವರೆಗೆ ದುರಸ್ತಿಗೆ ಅಂತ ಅಲ್ಲಲ್ಲಿ ಕಾಲುವೆ ಮುಚ್ಚಿರುತ್ತಾರೆ, ಹಾಗಾಗಿ ಮೇ ಜೂನ್ ಒಳ್ಳೆಯದು. ಆಗಸ್ಟಿಗೆ ಹೋಗೋದಾದರೆ ನೀರು ಹೇಗಿದೆ ಅಂತ ಮೊದಲೇ ವಿಚಾರಿಸಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಕೊಳ್ಳಿ. ರಾಗಿ ಹಿಟ್ಟು ನಾನು ಒಯ್ದದ್ದಕ್ಕಿಂತ ಎರಡು ಕೆ.ಜಿ. ಜಾಸ್ತಿ ಒಯ್ಯಿರಿ.